ಡಬ್ಬಿಯ ಹೊರಗಿನ ತಿಂಡಿ

ಅತ್ತೆಯ ಮುಷ್ಟಿಯಲ್ಲಿ ಏನೋ ಇತ್ತು. ಆಂಧ್ರದ ಕಣೇಕಲ್ಲಿನಲ್ಲಿ ತನ್ನ ತಮ್ಮ ಸಣ್ಣಬಸಪ್ಪನ ಮನೆಯ ಪಡಸಾಲೆಯಲ್ಲಿ ಕೂತು ಗುರುಬಸಮ್ಮ ಮೊಮ್ಮಗಳ ಕಿವಿಯಲ್ಲಿ ಪಿಸುಗುಡುತ್ತಿದ್ದವಳು, ಸೊಸೆ ಬಂದದ್ದೇ ತಡ, ಮುಷ್ಟಿ ಬಿಗಿ ಹಿಡಿದು ಎಲೆಅಡಿಕೆ ಸಂಚಿಯೊಳಗೆ ಕೈ ಇಳಿಸಿಬಿಟ್ಟಳು. ಚಂದ್ರಕಲಾ ನೋಡಿಯೂ ನೋಡದವಳಂತೆ ಅಡುಗೆಮನೆಗೆ ಹೋದಳು. ಆದರೆ ಆಮೇಲೆ ಅವಳ ಕಣ್ಣು ಆ ಸಂಚಿಯನ್ನು ಬಿಡಲಿಲ್ಲ.

ಮಗಳು ಹೇಮಶ್ರೀಗೆ ಶೇಂಗಾ ಅಂದರೆ ವಿಷ. ಹೋದ ವರ್ಷ ಒಂದು ಚೂರು ಚಿಕ್ಕಿ ತಿಂದು ಉಸಿರು ಸಿಕ್ಕಿಕೊಂಡಾಗ ದೊಡ್ಡಾಸ್ಪತ್ರೆಯಲ್ಲಿ ಅಲರ್ಜಿ ಅಂದರು. ಹೊಲ ಹೊಲದಲ್ಲೂ ಶೇಂಗಾ ಕೀಳುವ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಇಂಥದ್ದೇ ಬರಬೇಕೇ! ಇಲ್ಲಿ ಚಟ್ನಿಗೆ ಶೇಂಗಾ, ಪಲ್ಯಕ್ಕೆ ಶೇಂಗಾ ಪುಡಿ, ಬಸ್ ಸ್ಟ್ಯಾಂಡಿನ ಪೊಟ್ಟಣದಲ್ಲಿ ಹುರಿದ ಶೇಂಗಾ. ಅದಕ್ಕೇ ಮನೆ ಬಿಟ್ಟು ಹೊರಟರೆ ಚಂದ್ರಕಲಾಳ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ಅವಲಕ್ಕಿ, ಖರ್ಜೂರ, ಬಾಳೆಹಣ್ಣು. ಯಾರು ಮಗುವಿನ ಕೈಗೆ ಏನು ಇಡಲು ಬಂದರೂ ಡಬ್ಬಿ ಮುಂದೆ ಬರುತ್ತಿತ್ತು. ಜನ ಮುಖ ಸಿಂಡರಿಸುತ್ತಿದ್ದರು. ಸಿಂಡರಿಸಲಿ.

ಊರವರನ್ನಾದರೂ ನಂಬಿಯಾಳು, ಅತ್ತೆಯನ್ನು ನಂಬಲಾರಳು. "ನಮ್ಮ ಹೊಲದಾಗ ಬೆಳದಿದ್ದು ನಮ್ಮ ಕೂಸಿಗೆ ಆಗಂಗಿಲ್ಲಂದ್ರ ಹೆಂಗವ್ವ? ಚೂರು ಚೂರು ತಿನಿಸಿ ರೂಢಿ ಮಾಡ್ಸು," ಅಂದವಳು ಅವಳೇ. ಆಸ್ಪತ್ರೆ ಕಂಡ ಮೇಲೆ ಬಾಯಿ ಮುಚ್ಚಿದಳು ನಿಜ. ಆ ಮೌನವೇ ಚಂದ್ರಕಲಾಗೆ ಇನ್ನಷ್ಟು ಅನುಮಾನ ತರಿಸಿತ್ತು.

ಪಂಚಮಿ ಮುಗಿದ ವಾರ ಅದು. ಹೊರಡುವಾಗ ಸಣ್ಣಬಸಪ್ಪನ ಹೆಂಡತಿ ಚಂದ್ರಕಲಾಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಎಲ್ಲದರ ಮೇಲೆ ಹಬ್ಬಕ್ಕೆ ಕಟ್ಟಿದ ಶೇಂಗಾ ಉಂಡೆ. ಒಡ್ಡಿದ ಸೆರಗಿಗೆ ಬಿದ್ದದ್ದನ್ನು ಬೇಡ ಅನ್ನುವಂತಿಲ್ಲ. ಮುತ್ತೈದೆಯಾದವಳು ಅದನ್ನು ಸೆರಗಲ್ಲೇ ಕಟ್ಟಿ ಮನೆ ಸೇರಿಸಬೇಕು. ಚಂದ್ರಕಲಾ ಸೆರಗಿಗೆ ಗಂಟು ಹಾಕಿಕೊಂಡಳು. ಓಣಿ ತಿರುಗಿದ ಕೂಡಲೇ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಸುರಿದು ಬಿಗಿಯಾಗಿ ಗಂಟು ಹಾಕಿದಳು. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಕೈಯನ್ನೂ ತೊಳೆದಳು. ತನ್ನ ಹುಷಾರುತನವನ್ನು ತಾನೇ ಮೆಚ್ಚಿಕೊಂಡಳು.

ಬಸ್ಸು ಕೆರೆ ದಾಟಿ ರಾಯದುರ್ಗದ ದಾರಿ ಹಿಡಿಯಿತು. ಹೇಮಶ್ರೀ ಇಬ್ಬರ ನಡುವೆ ಕೂತು ಡಬ್ಬಿಯ ಅವಲಕ್ಕಿ ತಿಂದಳು. ಖಾರಕ್ಕೆ ಬಾಯಿ ಚಪ್ಪರಿಸಿದವಳ ಮೂತಿ ಒರೆಸಿ, ನೀರು ಕುಡಿಸಿ, ಚಂದ್ರಕಲಾ ಕಿಟಕಿಗೆ ತಲೆ ಆನಿಸಿದಳು. ಮಗು ಗದ್ದ ಕೆರೆದುಕೊಳ್ಳುವುದು ಕಂಡು ಅದರ ಮುಖ ಎತ್ತಿ ನೋಡಿದಳು. ಬಾಯಿಯ ಸುತ್ತ ಕೆಂಪು ದದ್ದು, ಕೆಳತುಟಿ ಊದುತ್ತಿತ್ತು.

"ಅತ್ತಿ, ಏನ್ ಕೊಟ್ರಿ ಇಕಿಗೆ?"

"ನಾ ಏನೂ ಕೊಟ್ಟಿಲ್ಲವ್ವ."

"ಸುಳ್ಳು ಹೇಳಬ್ಯಾಡ್ರಿ! ಮುಷ್ಟ್ಯಾಗ ಏನಿತ್ತು?" ಚಂದ್ರಕಲಾ ಸಂಚಿ ಕಿತ್ತುಕೊಂಡು ಸೀಟಿನ ಮೇಲೆ ಸುರಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ನಡುವೆ ಕಾಗದದಲ್ಲಿ ಸುತ್ತಿದ ಒಂದು ಉಂಡೆ ಉರುಳಿತು.

"ಜ್ವಾಳದ ಅರಳಿನ ಹಿಟ್ಟಿಂದವ್ವ ಅದು," ಅಂದಳು ಗುರುಬಸಮ್ಮ. "ಶೇಂಗಾ ಇಲ್ಲ. ಹೊಸ ಬಾಣಲಿಯೊಳಗ ಹುರದೀನಿ. ನಿಮ್ಮವ್ವನ್ನ ಕೇಳಿ ಕೊಡ್ತೀನಿ ಅಂತ ಕೂಸಿಗೆ ಹೇಳಿದ್ದೆ. ನಿನ್ನ ಕೇಳಾಕ ಧೈರ್ಯ ಸಾಲಲಿಲ್ಲ."

"ಇನ್ನ ಮ್ಯಾಲೆ ನನ್ನ ಮಗಳನ್ನ ಮುಟ್ಟಬ್ಯಾಡ್ರಿ!"

ಗುರುಬಸಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಳು. ಚಂದ್ರಕಲಾ ಬ್ಯಾಗಿನಲ್ಲಿದ್ದ ಔಷಧಿ ಕುಡಿಸಿ, ಮಗುವಿನ ಎದೆಗೆ ಕಿವಿ ಹಚ್ಚಿ ಉಸಿರು ಕೇಳುತ್ತ ಕೂತಳು. ಕಂಡಕ್ಟರ್ "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತ ಓಡಿಬಂದವನು ಎಲ್ಲೂ ನಿಲ್ಲಿಸಬೇಡವೆಂದು ಡ್ರೈವರಿಗೆ ಕೂಗಿದ. ಬಸ್ಸು ರಾಯದುರ್ಗದ ಆಸ್ಪತ್ರೆಯ ಬಾಗಿಲಿಗೇ ಬಂದು ನಿಂತಿತು.

ಸೂಜಿ ಆಯಿತು. ತುಟಿಯ ಊತ ಇಳಿಯತೊಡಗಿತು. ಡಾಕ್ಟರು ಟಾರ್ಚು ಹಾಕಿ ಗಂಟಲು ನೋಡಿ, "ತಿಂದಂಗೆ ಕಾಣಲ್ಲಮ್ಮ. ಬಾಯಿ ಸುತ್ತ ಮಾತ್ರ ಎದ್ದಿದೆ, ಏನೋ ತಾಗಿದೆ. ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರಿ," ಅಂದರು.

ತಾಗಿದೆ! ಮತ್ತಾವ ಕೈ ತಾಗಿರಬೇಕು? ಚಂದ್ರಕಲಾ ಬಾಗಿಲಾಚೆ ನಿಂತ ಅತ್ತೆಯನ್ನು ಸುಡುವಂತೆ ನೋಡಿದಳು. ಸೂಜಿಯ ನೋವಿಗೆ ಮಗು ಇನ್ನೂ ಬಿಕ್ಕುತ್ತಿತ್ತು. ಕಣ್ಣೀರು ಒರೆಸಲು ಚಂದ್ರಕಲಾ ಸೆರಗು ಎತ್ತಿದಳು. ಹೇಮಶ್ರೀ ಮುಖ ತಿರುಗಿಸಿದಳು.

"ಸೆರಗು ಬ್ಯಾಡವ್ವ, ಕಡೀತೈತಿ. ಬಸ್ಸಿನಾಗೂ ಇದರಿಂದ ಒರಸಿದ್ಯಲ್ಲ, ಆಗನ ಕಡಿಯಾಕ ಹತ್ತಿತ್ತು."

ಚಂದ್ರಕಲಾ ಸೆರಗಿನ ತುದಿ ಬಿಡಿಸಿ ನೋಡಿದಳು. ಉಡಿಯ ಗಂಟು ಬಿಚ್ಚಿದರೂ ಮಡಿಕೆಗಳು ಹಾಗೇ ಇದ್ದವು. ಮಡಿಕೆಯೊಳಗೆ ಎಣ್ಣೆ ಜಿಡ್ಡು, ಅದಕ್ಕೆ ಅಂಟಿದ ಉಂಡೆಯ ಪುಡಿ. ಕೈ ತೊಳೆದವಳಿಗೆ ಸೆರಗು ನೆನಪಾಗಿರಲಿಲ್ಲ.

"ಅವ್ವಾ, ಎತ್ತಿಕೊ," ಎಂದು ಮಗು ಕೈ ಚಾಚಿತು. ಚಂದ್ರಕಲಾ ಒಂದು ಹೆಜ್ಜೆ ಮುಂದಿಟ್ಟವಳು ಹಾಗೇ ಹಿಂದೆ ಸರಿದಳು. ಈ ಸೀರೆಯಲ್ಲಿ ಮಗಳನ್ನು ಎದೆಗೆ ಅವುಚಿಕೊಳ್ಳುವಂತೆಯೂ ಇರಲಿಲ್ಲ.

"ಅತ್ತಿ," ಅಂದಳು. "ನಾನ ಮಾಡೀನ್ರಿ ಇದು. ಉಡಿ ಸೆರಗಿಲೆ ಒರಸೀನಿ. ಇಕಿನ್ನ ನೀವ ಎತ್ತಿಕೊಳ್ರಿ."

ಗುರುಬಸಮ್ಮ ತಟ್ಟನೆ ಬರಲಿಲ್ಲ. ಮೂಲೆಯ ನಲ್ಲಿಗೆ ಹೋಗಿ ಸೋಪು ಹಚ್ಚಿ ಮೊಣಕೈತನಕ ತಿಕ್ಕಿ ತೊಳೆದಳು. ಆಮೇಲೆ ಸೊಸೆಯ ಮುಂದೆ ಬಂದು, ನೀರು ತೊಟ್ಟಿಕ್ಕುವ ಎರಡೂ ಅಂಗೈ ಚಾಚಿ, ತಿರುಗಿಸಿ ಹಿಂಗೈಯನ್ನೂ ತೋರಿಸಿದಳು.

"ಛಲೋತಂಗ ನೋಡಿಕೊಳವ್ವ," ಅಂದಳು. "ಆಮ್ಯಾಲೆ ಮುಟ್ತೀನಿ."