ಕಾಲುವೆಯಾಚೆಯವಳ ಖಾಲಿ ಸೀಟು

ಮಂಗಳವಾರದ ಚುನಾವಣೆಯಲ್ಲಿ ಆರ್ವಿಲ್ ಮೆಸಿಕ್ ಅರವತ್ತೊಂದು ಮತಗಳಿಂದ ಸೋತ. ಸಸೆಕ್ಸ್ ಜಿಲ್ಲೆಯ ಭೂದಾಖಲೆ ಕಚೇರಿಗೆ ಐದು ಸಲ ಆರಿಸಿ ಬಂದವನು ಆರನೆಯ ಸಲ ಒಬ್ಬ ಹೆಂಗಸಿನ ಎದುರು ಸೋತಿದ್ದ. ಹೆಂಗಸು ಎಂಬುದು ಅವನಿಗೆ ದೊಡ್ಡ ಮಾತಾಗಿರಲಿಲ್ಲ. ಅವಳು ಕಾಲುವೆಯಾಚೆಯವಳು. ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದ್ದು ಅದು.

ಡೆಲವೇರ್ ಮೂರೇ ಜಿಲ್ಲೆಗಳ ರಾಜ್ಯ. ಕಡಲು ಉಕ್ಕಿದಾಗ ಎರಡೇ ಎಂದು ಪಕ್ಕದ ಮೇರಿಲ್ಯಾಂಡಿನವರು ಆಡಿಕೊಳ್ಳುತ್ತಾರೆ. ಅಂಗೈಯಗಲದ ಈ ರಾಜ್ಯವನ್ನೂ ಅಡ್ಡಕ್ಕೆ ಒಂದು ಹಡಗು ಕಾಲುವೆ ಸೀಳಿದೆ. ಮೇಲ್ಗಡೆ ವಿಲ್ಮಿಂಗ್ಟನ್ ನಗರ, ಬ್ಯಾಂಕು, ವಕೀಲರು. ಕೆಳಗಡೆ ಸಸೆಕ್ಸ್, ಕೋಳಿಮನೆ, ಜೋಳ, ಸೋಯಾ, ಮರಳು. ಮೇಲಿನವರು ಮನುಷ್ಯರೇ ಇರಬಹುದು, ಅದರಲ್ಲಿ ಆರ್ವಿಲ್‌ಗೆ ತಕರಾರಿಲ್ಲ. ಆದರೆ ಡೆಲವೇರಿನವರು ಎಂದರೆ ಅವನು ಒಪ್ಪುವವನಲ್ಲ. ಅವನ ಹೊಲದ ಬದುವಿನಲ್ಲಿ ರಾಜ್ಯದ ಗಡಿಕಲ್ಲೊಂದಿತ್ತು. ದೇಶ ಹುಟ್ಟುವುದಕ್ಕೂ ಮೊದಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಕಲ್ಲು. ಅದರ ಪಕ್ಕದಲ್ಲಿ ಆರು ತಲೆಮಾರಿನ ಮೆಸಿಕ್‌ಗಳು ಉತ್ತಿದ್ದರು. ಅವನನ್ನು ಸೋಲಿಸಿದ ರೆನಾಟಾ ಡೊಂಬ್ರೋಸ್ಕಿ ಇಲ್ಲಿಗೆ ಬಂದು ಒಂಬತ್ತು ವರ್ಷ ಆಗಿತ್ತು, ಅಷ್ಟೆ.

ಅವಳು ಬಂದು ಇಳಿದದ್ದು ಲೂಯಿಸ್ ಊರಿನ ಹೊರಗೆ, ಕಡಲಿಗೆ ಹತ್ತಿರ, 'ಓಕ್ ತೋಪು' ಎಂಬ ಬಡಾವಣೆಯಲ್ಲಿ. ಯಾವುದನ್ನು ಕಡಿದು ಹಾಕುತ್ತಾರೋ ಅದರ ಹೆಸರನ್ನೇ ಬೋರ್ಡಿಗೆ ಬರೆಯುವುದು ಈ ಜನರ ಪದ್ಧತಿ. ಮುನ್ನೂರು ಮನೆ, ಒಂದೇ ಬಣ್ಣ. ಕೋಳಿಗೊಬ್ಬರದ ವಾಸನೆ ಎಂದು ಮೊದಲ ವರ್ಷವೇ ಅರ್ಜಿ ಕೊಟ್ಟರು. ವಾಸನೆ ನೂರು ವರ್ಷದಿಂದ ಅಲ್ಲೇ ಇತ್ತು, ಅರ್ಜಿ ಕೊಟ್ಟವರು ನಿನ್ನೆ ಬಂದಿದ್ದರು. ಆ ಮುನ್ನೂರು ಮನೆಗಳ ಕ್ರಯಪತ್ರಕ್ಕೂ ಮೊಹರು ಒತ್ತಿದವನು ಆರ್ವಿಲ್ಲೇ. ಜಮೀನು ಮಾರಿದವನು ಅವನ ಬಾಲ್ಯದ ಗೆಳೆಯ, ಪಕ್ಷದ ಹಿರಿಯ ಗಾರ್ಲಂಡ್ ಟ್ರುಯಿಟ್. ಈ ಎರಡು ಸಂಗತಿಗಳನ್ನು ಆರ್ವಿಲ್ ಒಟ್ಟಿಗೆ ಇಟ್ಟು ನೋಡಿದವನಲ್ಲ.

ಬುಧವಾರ ಬೆಳಿಗ್ಗೆ ಅವನ ಹೆಂಡತಿ ಲೊರೀನ್, ಹಂದಿಮಾಂಸದ ಸ್ಕ್ರ್ಯಾಪಲ್ ಹೋಳುಗಳನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು ತಟ್ಟೆಗೆ ಹಾಕುತ್ತ ಕೇಳಿದಳು. "ಆಯಮ್ಮನಿಗೆ ಫೋನ್ ಮಾಡಿದ್ಯಾ?"

"ಯಾವ ಆಯಮ್ಮ?"

"ಗೊತ್ತಿಲ್ದೋನ ಥರ ಆಡ್ಬೇಡ. ನಾಳೆ ಮರಳುವ ದಿನ."

ಮರಳುವ ದಿನ ಆ ಜಿಲ್ಲೆಯದೇ ಹಬ್ಬ. ಹಿಂದೆ ಮತ ಹಾಕಲು ಎಲ್ಲರೂ ಜಿಲ್ಲಾ ಕೇಂದ್ರವಾದ ಜಾರ್ಜ್‌ಟೌನಿಗೇ ಬರಬೇಕಿತ್ತು. ಎರಡು ದಿನ ಬಿಟ್ಟು ಫಲಿತಾಂಶ ಕೇಳಲು ಮತ್ತೆ ಮರಳಿ ಬರುತ್ತಿದ್ದರು. ಈಗ ಫಲಿತಾಂಶ ಅಂಗೈಯಲ್ಲೇ ಸಿಗುತ್ತದೆ, ಆದರೂ ಜನ ಬರುತ್ತಾರೆ. ಗೆದ್ದವನೂ ಸೋತವನೂ ಒಂದೇ ಕುದುರೆಗಾಡಿಯಲ್ಲಿ ಎದುರುಬದುರು ಕೂತು ಊರು ಸುತ್ತಬೇಕು. ಕೊನೆಗೆ ಎರಡು ಪಕ್ಷದವರೂ ಸೇರಿ ಒಂದು ಕೊಡಲಿಯನ್ನು ಲೂಯಿಸ್ ದಂಡೆಯಿಂದ ತಂದ ಮರಳಿನಲ್ಲಿ ಹೂಳಬೇಕು. ಹಗೆ ಮುಗಿಯಿತು ಎಂದು ಅರ್ಥ. ಆಮೇಲೆ ಎಲ್ಲರಿಗೂ ಸುಟ್ಟ ಎತ್ತಿನ ಮಾಂಸದ ಬನ್ನು. ಹೊಸಬನಿಗೆ ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕು ಎಂದು ಸೋತವನೇ ಹಿಂದಿನ ದಿನ ಹೇಳಿ ಕರೆಯಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಬರೆದಿಡಬೇಕಾಗಿಯೂ ಬಂದಿರಲಿಲ್ಲ. ಆರ್ವಿಲ್ ಮೊದಲ ಸಲ ಗೆದ್ದಾಗ, ಅವನೆದುರು ಸೋತ ಮುದುಕ ಫೋನ್ ಮಾಡಿ, "ಹನ್ನೆರಡೂವರೆಗೆ ಶಾಲೆ ಹಿಂದಿನ ಮೈದಾನಕ್ಕೆ ಬಾರಪ್ಪ, ಟೋಪಿ ಮರೀಬೇಡ, ಚಳಿ ಇರುತ್ತೆ" ಎಂದಿದ್ದ.

"ಮಾಡ್ತೀನಿ," ಎಂದ ಆರ್ವಿಲ್.

ಮಾಡಲಿಲ್ಲ. ಮಾಡಬಾರದೆಂದು ಅವನು ನಿರ್ಧರಿಸಿಯೂ ಇರಲಿಲ್ಲ. ಫೋನು ಕೈಗೆತ್ತಿಕೊಂಡಾಗಲೆಲ್ಲ ಎದುರಿನ ಸೀಟು ಖಾಲಿ ಇರುವ ಗಾಡಿಯೊಂದು ಕಣ್ಣಿಗೆ ಕಟ್ಟುತ್ತಿತ್ತು. ಇಡೀ ಜಿಲ್ಲೆ ರಸ್ತೆಯ ಎರಡು ಬದಿಯಲ್ಲಿ ನಿಂತಿರುತ್ತದೆ. ಸೋತವನು ಬಂದಿದ್ದಾನೆ, ಗೆದ್ದವಳು ಬಂದಿಲ್ಲ. ಅರವತ್ತೊಂದು ಮತದ ಬೆಲೆ ಏನೆಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ. ಕುರ್ಚಿ ಹೇಗೂ ಹೋಯಿತು. ಈ ಮಣ್ಣಿನವನು ಯಾರು ಎಂಬುದಾದರೂ ತನ್ನ ಬಳಿ ಉಳಿಯಲಿ ಎಂದು ಅವನ ಆಸೆ. ಮಧ್ಯಾಹ್ನದಿಂದ ಸಂಜೆಯವರೆಗೆ ಅವಳೇ ಮೂರು ಸಲ ಕರೆ ಮಾಡಿದಳು. ಪರದೆಯ ಮೇಲೆ ಅವಳ ಹೆಸರು ಬೆಳಗಿ ಆರುವುದನ್ನು ಅವನು ಸುಮ್ಮನೆ ನೋಡಿದ.

ಊಟದ ಹೊತ್ತಿಗೆ ಲೊರೀನ್ ಮತ್ತೆ ಕೇಳಿದಳು. "ಫೋನ್?"

"ಆಯ್ತು," ಎಂದ.

ಗುರುವಾರ ಮೈದಾನದಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಆರ್ವಿಲ್‌ನ ಗಾಡಿ ವಿಲ್ಮಾ ಡ್ಯೂಕ್ಸಳದು. ಎಪ್ಪತ್ತು ದಾಟಿದ ಒರಟು ಹೆಂಗಸು, ಕುದುರೆಯ ಹೊರತು ಯಾರ ಮೇಲೂ ಅವಳಿಗೆ ಗೌರವವಿರಲಿಲ್ಲ.

"ಎಲ್ಲಯ್ಯ ನಿನ್ನ ಮದುಮಗಳು?" ಎಂದಳು.

"ಬಂದಿಲ್ಲ."

"ಕಾಯೋಣ್ವಾ?"

"ಸಾಲು ಕಾಯುತ್ತಾ? ನಡಿ ನೀನು. ಅವರಿಗೆಲ್ಲ ಇದು ಎತ್ತಿನ ಮಾಂಸ ತಿನ್ನೋ ಜಾತ್ರೆ."

"ಒಳ್ಳೇದೇ ಆಯ್ತು ಬಿಡು. ಕುದುರೆಗೆ ಭಾರ ಕಮ್ಮಿ."

ಗಾಡಿ ಹೊರಟಿತು. ಆರ್ವಿಲ್ ಎದುರಿನ ಸೀಟನ್ನು ಮುಚ್ಚಲಿಲ್ಲ. ಕೋಟನ್ನಾಗಲಿ ಟೋಪಿಯನ್ನಾಗಲಿ ಅಲ್ಲಿ ಇಡಲಿಲ್ಲ. ಖಾಲಿ ಇರುವುದು ಖಾಲಿಯಾಗಿಯೇ ಕಾಣಬೇಕಿತ್ತು. ಗಾಡಿಯ ಬದಿಗೆ ಇಬ್ಬರ ಹೆಸರಿನ ಫಲಕ ಕಟ್ಟಿತ್ತು. ಜನ ಅದನ್ನು ಓದಿದರು, ಸೀಟು ನೋಡಿದರು, ಆಮೇಲೆ ಆರ್ವಿಲ್‌ನ ಮುಖ ನೋಡಿದರು.

"ಗೆದ್ದೋಳು ಎಲ್ಲಿ ಆರ್ವಿಲ್?"

ಅವನು ಎರಡು ಕೈಗಳನ್ನೂ ಅಗಲಿಸಿ ತೋರಿಸಿದ. ಒಂದು ಮಾತೂ ಆಡಲಿಲ್ಲ; ಆಡದಿದ್ದರೆ ಸುಳ್ಳೂ ಆಗುವುದಿಲ್ಲ.

"ಮತ ಬೇಕು, ನಾವು ಬೇಡ," ಎಂದು ಒಬ್ಬ ಕೂಗಿದ. "ಕಾಲುವೆ ದಾಟಿ ಬಂದೋರ ಬುದ್ಧಿನೇ ಇಷ್ಟು," ಎಂದಳು ಮಗುವನ್ನು ಎತ್ತಿಕೊಂಡ ಒಬ್ಬಳು. ಜನ ಚಪ್ಪಾಳೆ ತಟ್ಟಿದರು. ಐದು ಸಲ ಗೆದ್ದಾಗಲೂ ಅವನಿಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಆರ್ವಿಲ್ ಟೋಪಿ ಎತ್ತಿದ. ಎದೆಯೊಳಗೆ ಬೆಚ್ಚಗಾಯಿತು.

ನ್ಯಾಯಾಲಯದ ಮುಂದಿನ ವೃತ್ತಕ್ಕೆ ಗಾಡಿ ತಿರುಗಿದಾಗ ಅವಳು ಕಂಡಳು. ಹಗ್ಗದ ಹಿಂದೆ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ರೆನಾಟಾ ಡೊಂಬ್ರೋಸ್ಕಿ ನಿಂತಿದ್ದಳು. ಗಿಡ್ಡ ಹೆಂಗಸು, ಹೊಸ ನೀಲಿ ಕೋಟು, ಈ ದಿನಕ್ಕೆಂದೇ ಕೊಂಡಂತಿದ್ದ ಗರಿಯ ಟೋಪಿ. ಪುಟ್ಟ ಊರಿನ ಹಬ್ಬಕ್ಕೆ ರಾಜನ ಮದುವೆಗೆ ಬಂದವಳ ಹಾಗೆ ಬಂದಿದ್ದಾಳೆ ಎಂದು ಅವನಿಗೆ ತಾತ್ಸಾರವಾಯಿತು. ಅವಳು ಗಾಡಿ ನೋಡಿದಳು, ಫಲಕದ ಮೇಲೆ ತನ್ನ ಹೆಸರು ನೋಡಿದಳು, ಮುಖ ಅರಳಿತು. ಕೈಚೀಲವನ್ನು ಹೆಗಲಿಗೇರಿಸಿ ಹಗ್ಗದ ಕಡೆಗೆ ಒಂದು ಹೆಜ್ಜೆ ಮುಂದಿಟ್ಟಳು. ಗಾಡಿ ಇಲ್ಲೇ ನಿಲ್ಲುತ್ತದೆ, ತನ್ನನ್ನು ಹತ್ತಿಸಿಕೊಳ್ಳುತ್ತದೆ ಎಂದು ಅವಳು ತಿಳಿದಿದ್ದಳು.

ವಿಲ್ಮಾ ತಿರುಗಿ ನೋಡದೆಯೇ ಕೇಳಿದಳು. "ಏನು, ಹತ್ತೋರು ಯಾರಾದ್ರೂ ಇದಾರಾ?"

"ಇಲ್ಲ. ನಡಿ."

ಅಪರಿಚಿತರಿಗೆ ಬೀಸುವ ಹಾಗೆ ಅವನು ಅವಳ ಕಡೆಗೆ ಕೈ ಬೀಸಿದ. ಅವಳೂ ಬೀಸಿದಳು. ಗಾಡಿ ಮುಂದಕ್ಕೆ ಹೋಯಿತು. ಅವಳ ಕೈ ಇನ್ನೂ ಮೇಲೆಯೇ ಇತ್ತು.

ಎತ್ತರದ ಟೋಪಿಯ ಡಂಗುರದವನು ನ್ಯಾಯಾಲಯದ ಉಪ್ಪರಿಗೆಯಿಂದ ಅಂಕಿಗಳನ್ನು ಓದಿದ. ಭೂದಾಖಲೆ ಕಚೇರಿಯ ಸರದಿ ಬಂದು ಅವಳ ಹೆಸರು ಕೇಳಿದಾಗ ಕೆಲವರು ಹೀಯಾಳಿಸಿ ಕೂಗಿದರು. ವೇದಿಕೆಯ ಮೇಲೆ ಆರ್ವಿಲ್‌ನ ಪಕ್ಕದ ಕುರ್ಚಿಯೂ ಖಾಲಿ ಇತ್ತು. ಜನರ ನಡುವೆ ನೀಲಿ ಕೋಟು ಎಲ್ಲಿದೆಯೆಂದು ಅವನು ಹುಡುಕಬಾರದೆಂದುಕೊಂಡ, ಹುಡುಕಿದ, ಕಂಡಿತು. ಅವಳು ಅಕ್ಕಪಕ್ಕದವರ ಬಾಯಿ ನೋಡುತ್ತಿದ್ದಳು. ಕೂಗುತ್ತಿರುವುದು ತನ್ನನ್ನೇ ಎಂದು ಅವಳಿಗೆ ಅರ್ಥವಾದ ಗಳಿಗೆಯೂ ಅವನಿಗೆ ಕಂಡಿತು. ಕೊಡಲಿ ಮರಳಿನೊಳಗೆ ಇಳಿಯಿತು. ಎರಡು ಪಕ್ಷದ ಮುಖಂಡರೂ ಕೈ ಹಿಡಿದು ಹಲ್ಲು ಕಿರಿದರು.

ಎತ್ತಿನ ಮಾಂಸದ ಬನ್ನಿಗೆ ಸಾಲು ನಿಂತು, ಬನ್ನು ಹಿಡಿದು ಅವನು ಹೊರಬಂದಾಗ ಲೊರೀನ್ ಬಂದಳು. ಜೊತೆಗೆ ರೆನಾಟಾ.

"ಇವರಿಗೆ ನೀನು ಫೋನ್ ಮಾಡಿದ್ಯಲ್ಲ," ಎಂದಳು ಲೊರೀನ್. "ಪಾಪ, ಇವರಿಗೆ ನೆನಪೇ ಇಲ್ವಂತೆ."

ಆರ್ವಿಲ್ ಕೈಯಲ್ಲಿದ್ದ ಬನ್ನು ನೋಡಿದ.

"ಹನ್ನೊಂದು ಗಂಟೆಯಿಂದ ಇಲ್ಲೇ ನಿಂತಿದ್ದೆ ಮಿಸ್ಟರ್ ಮೆಸಿಕ್," ಎಂದಳು ರೆನಾಟಾ. ದನಿಯಲ್ಲಿ ಅಳುವಿರಲಿಲ್ಲ, ಬ್ಯಾಂಕಿನ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವರ ದನಿ ಅದು. "ಮೈದಾನಕ್ಕೆ ಹೋಗ್ಬೇಕಿತ್ತು ಅಂತ ನಿಮ್ಮ ಮನೆಯವರು ಈಗ ಹೇಳಿದ್ರು. ನನಗೆ ಯಾರು ಹೇಳ್ತಾರೆ? ನಿಮಗೇ ಮೂರು ಸಲ ಮಾಡಿದೆ."

"ಕೆಲಸದಲ್ಲಿದ್ದೆ."

"ಇರ್ಲಿ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವಿಲ್ಮಿಂಗ್ಟನ್ನಲ್ಲಿ ನಮ್ಮ ಬೀದಿಯೋರು ಆಗದೋರಿಗೆ, ನೀನು ನಮಗಾಗಲ್ಲ ಅಂತ ಮುಖಕ್ಕೇ ಹೇಳ್ತಾರೆ. ಬಾಯಿ ಕೊಳಕು. ಆದ್ರೆ ಅಷ್ಟಕ್ಕೇ ಮುಗೀತು. ನೀವು ಕುದುರೆ ಕಟ್ಟಿ, ಬ್ಯಾಂಡು ಬಾರಿಸಿ, ಮರಳು ತಂದು... ಇಷ್ಟೆಲ್ಲ ಮಾಡಿ ಕೊನೆಗೆ ಮಾಡೋದು ಇದಾ? ಇಷ್ಟು ಖರ್ಚು ಯಾಕೆ?"

ಅವಳು ವ್ಯಂಗ್ಯವಾಡುತ್ತಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಆರ್ವಿಲ್‌ಗೆ ಅದಕ್ಕಿಂತ ಬೈಗುಳವೇ ವಾಸಿಯೆನಿಸಿತು.

ಅಷ್ಟರಲ್ಲಿ ಗಾರ್ಲಂಡ್ ಟ್ರುಯಿಟ್ ನಾಲ್ಕೈದು ಮಂದಿಯೊಂದಿಗೆ ಬಿಯರ್ ಹಿಡಿದು ಅತ್ತ ಬಂದ. ರೆನಾಟಾಳನ್ನು ಗುರುತಿಸಿ ಹುಬ್ಬು ಹಾರಿಸಿದ. "ಅಂತೂ ಬಂದ್ರಾ ತಾಯಿ? ಮೆರವಣಿಗೆ ಮುಗಿದು ಕುದುರೆ ಲಾಯ ಸೇರಿದ ಮೇಲೆ? ನಮ್ಮ ಕಡೆ ನಾವು ಹೊತ್ತಿಗೆ ಸರಿಯಾಗಿ ಬರ್ತೀವಿ. ಹಳ್ಳಿ ಜನ ನೋಡಿ, ಅಷ್ಟೇ ಗೊತ್ತು."

ಮಂದಿ ನಕ್ಕರು. ರೆನಾಟಾ ಆರ್ವಿಲ್‌ನ ಕಡೆಗೆ ನೋಡಿದಳು. ಲೊರೀನ್ ಕೂಡ ನೋಡಿದಳು. ಅವನನ್ನು ಸಿಕ್ಕಿಸಿಹಾಕುವ ಆಸೆಯಾಗಲಿ ಬಿಡಿಸುವ ಆಸೆಯಾಗಲಿ ಆ ಇಬ್ಬರ ಮುಖದಲ್ಲಿಯೂ ಇರಲಿಲ್ಲ.

"ಅವರ ತಪ್ಪಲ್ಲ ಗಾರ್ಲಂಡ್," ಎಂದ ಆರ್ವಿಲ್. "ನಾನು ಹೇಳ್ಲಿಲ್ಲ. ಅವರು ಕೇಳೋಕೆ ಫೋನ್ ಮಾಡಿದ್ರು, ನಾನು ಎತ್ತಲಿಲ್ಲ. ವೃತ್ತದಲ್ಲಿ ಕಂಡ್ರು, ಗಾಡಿ ನಿಲ್ಲಿಸಲಿಲ್ಲ. ಬೇಕಂತ್ಲೇ."

ಹೇಳಿ ಮುಗಿಸಿ ಅವನು ಕಾದ. ಗಾರ್ಲಂಡ್ ಮುಖ ತಿರುಗಿಸಬಹುದು, ಮರಳುವ ದಿನಕ್ಕೆ ಮಸಿ ಬಳಿದೆಯಲ್ಲೋ ಎನ್ನಬಹುದು, ನಾಳೆ ಚರ್ಚಿನಲ್ಲೂ ಕೋಳಿ ಹರಾಜಿನಲ್ಲೂ ಮಾತಾಗಬಹುದು. ಅದಕ್ಕೆಲ್ಲ ಅವನು ತಯಾರಾಗಿದ್ದ. ಅದು ತನಗೆ ಬೇಕು ಎಂದೇ ಅನಿಸುತ್ತಿತ್ತು.

ಗಾರ್ಲಂಡ್ ಒಂದು ಗಳಿಗೆ ಅವನನ್ನೇ ದಿಟ್ಟಿಸಿದ. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದ.

"ಲೋ ಕಳ್ಳ! ಕೇಳಿದ್ರೇನ್ರೋ? ಇಪ್ಪತ್ತು ವರ್ಷ ಬೆಕ್ಕಿನ ಥರ ಕೂತಿದ್ದೋನು. ನಿನ್ನಲ್ಲೂ ಇಷ್ಟಿತ್ತೇನೋ?" ಬೆನ್ನಿಗೆ ರಪ್ಪನೆ ತಟ್ಟಿದ. ಉಳಿದವರೂ ತಟ್ಟಿದರು. ಒಬ್ಬ ತನ್ನ ಬಿಯರನ್ನು ಆರ್ವಿಲ್‌ನ ಕೈಗೆ ತುರುಕಿದ. "ಚುನಾವಣೆಗೆ ಮೊದಲೇ ಈ ಬುದ್ಧಿ ಬಂದಿದ್ರೆ ಗೆಲ್ತಿದ್ಯಲ್ಲೋ," ಎಂದ ಇನ್ನೊಬ್ಬ.

"ಜನವರಿಯಲ್ಲಿ ನಾನು ಅಧಿಕಾರ ತಗೊಳ್ಳೋ ದಿನ ಕಚೇರಿ ಬೀಗದ ಕೈ ತಂದುಕೊಡಿ," ಎಂದಳು ರೆನಾಟಾ. "ಎಷ್ಟು ಗಂಟೆಗೆ, ಎಲ್ಲಿಗೆ ಅಂತ ನಾನು ಫೋನ್ ಮಾಡಿ ಹೇಳ್ತೀನಿ." ಟೋಪಿ ಸರಿಮಾಡಿಕೊಂಡು ನಡೆದಳು. ಲೊರೀನ್ ಅವಳ ಜೊತೆಗೇ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಮನೆಗೆ ಗಾರ್ಲಂಡ್ ಬಿಡ್ತಾನೆ ಬಿಡು. ಒಳ್ಳೆ ಜೋಡಿ," ಎಂದಳು.

ಗಾರ್ಲಂಡ್ ಆಗಲೇ ಹೊಸದಾಗಿ ಬಂದ ಇಬ್ಬರನ್ನು ನಿಲ್ಲಿಸಿಕೊಂಡು ಕಥೆ ಶುರುಮಾಡಿದ್ದ. ಅವನ ಕಥೆಯಲ್ಲಿ ಆರ್ವಿಲ್ ಅವಳಿಗೆ ಫೋನ್ ಮಾಡಿ ಬೇರೆ ಊರಿನ ವಿಳಾಸ ಕೊಟ್ಟಿದ್ದ, ಅವಳು ಕೋಳಿಮನೆಯೊಂದರ ಮುಂದೆ ಗರಿಯ ಟೋಪಿ ಹಾಕಿಕೊಂಡು ನಿಂತಿದ್ದಳು. ಕೇಳಿದವರು ಬಿದ್ದು ಬಿದ್ದು ನಕ್ಕರು. ಹಲ್ಲಿನ ಸಂದಿಯಲ್ಲಿ ಮಾಂಸದ ನಾರು, ಮೀಸೆಯಲ್ಲಿ ಬಿಯರಿನ ನೊರೆ. ಆರ್ವಿಲ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಹುಟ್ಟಿದಂದಿನಿಂದ ಗೊತ್ತಿದ್ದವರು, ಎಲ್ಲರ ಜಮೀನಿನ ಹದ್ದೂ ಅವನಿಗೆ ಬಾಯಿಪಾಠ. ಅವರಲ್ಲಿ ಒಬ್ಬನೂ ಕಾಲುವೆಯಾಚೆಯವನಾಗಿರಲಿಲ್ಲ.

"ಹಂಗಲ್ಲ ನಡೆದಿದ್ದು," ಎಂದ ಅವನು.

"ಸುಮ್ನಿರೋ," ಎಂದ ಗಾರ್ಲಂಡ್. "ನಿನಗೆ ಹೇಳೋಕೆ ಬರಲ್ಲ."