ಅರವತ್ತೆರಡು ಇಂಚಿನ ಪ್ಯಾಂಟು

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಅಗಿಯುವುದು ನಿಲ್ಲಿಸಿ ನುಂಗಿದ.

ಮೊಟ್ಟೆಯ ತುಣುಕು ಎದೆಗೂಡಿನ ಹಿಂದೆ ಒಂದು ಕ್ಷಣ ನಿಂತು, ಹೋಗಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಕೆಳಗಿಳಿಯಿತು. ಗಡಿಯಾರ ನೋಡಿದ. ಒಂದು ಮೊಟ್ಟೆಗೆ ಹದಿನೆಂಟು ನಿಮಿಷ. ಒಂಬತ್ತು ವರ್ಷದ ಅಭ್ಯಾಸಕ್ಕೆ ಇದೇನೂ ಕೆಟ್ಟ ಸಮಯವಲ್ಲ. ನೀರು ಕುಡಿಯಬೇಕೆನಿಸಿತು. ತಿಂದ ಮೇಲೆ ಅರ್ಧ ಗಂಟೆ ನೀರು ಮುಟ್ಟುವಂತಿಲ್ಲ. ಲೋಟವನ್ನು ಆಚೆ ಸರಿಸಿದ.

ಒಂಬತ್ತು ವರ್ಷದ ಹಿಂದೆ ಸರ್ಜನ್ ಅವನ ಹೊಟ್ಟೆಯನ್ನು ಕತ್ತರಿಸಿ, ಮೊಟ್ಟೆ ಹಿಡಿಸುವಷ್ಟು ಚೀಲವನ್ನು ಮಾತ್ರ ಉಳಿಸಿ, ಅದಕ್ಕೆ ಕರುಳನ್ನು ಹೊಲಿದಿದ್ದ. ನೂರಾ ಅರವತ್ತೆಂಟು ಕಿಲೋ ಇದ್ದವನು ಎರಡೇ ವರ್ಷದಲ್ಲಿ ಎಂಬತ್ತೊಂದಕ್ಕೆ ಇಳಿದ. ಸಕ್ಕರೆ ಕಾಯಿಲೆ ಹೋಯಿತು, ಮಂಡಿನೋವು ಹೋಯಿತು, ಮಲಗುವಾಗ ಮೂಗಿಗೆ ಹಾಕಿಕೊಳ್ಳುತ್ತಿದ್ದ ಯಂತ್ರ ಅಟ್ಟ ಸೇರಿತು. ಜೊತೆಗೆ ಕೂದಲೂ ಹೋಯಿತು, ಮೂರು ಹಲ್ಲೂ ಹೋದವು. ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳುವಂತಾಯಿತು. ಆ ಎಂಬತ್ತೊಂದು ಈಗ ತೊಂಬತ್ತಮೂರಾಗಿದೆ. ಹನ್ನೆರಡು ಕಿಲೋ ಯಾವ ದಾರಿಯಿಂದ ವಾಪಸು ಬಂತೋ, ಬಾಯಿಂದಂತೂ ಬರಲಿಲ್ಲ ಎಂಬುದು ಅವನ ವಾದ. ಕಚೇರಿಯ ಡ್ರಾಯರಿನಲ್ಲಿರುವ ಬಿಸ್ಕತ್ತಿನ ಡಬ್ಬಿ ಆ ವಾದವನ್ನು ಒಪ್ಪುವುದಿಲ್ಲ.

"ಪ್ಯಾಂಟು ಎಲ್ಲೇ?" ಎಂದು ಕೂಗಿದ.

"ಕುರ್ಚಿ ಮೇಲಿದೆ ನೋಡಿ," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಇಸ್ತ್ರಿಯಾಗಿ, ನಾಲ್ಕು ಮಡಿಕೆಯಾಗಿ, ಕಾಗದದ ಚೀಲದಲ್ಲಿ ಸಿದ್ಧವಾಗಿತ್ತು. ಬೂದು ಬಣ್ಣ, ಸೊಂಟ ಅರವತ್ತೆರಡು ಇಂಚು. ಆಪರೇಷನ್ನಿಗೆ ಹೋದ ದಿನ ತೊಟ್ಟಿದ್ದ ಪ್ಯಾಂಟು. ಆಸ್ಪತ್ರೆಯವರು ವರ್ಷಕ್ಕೊಮ್ಮೆ ಸಭೆ ಮಾಡಿ, ಹೊಸದಾಗಿ ಆಪರೇಷನ್ ಮಾಡಿಸಿಕೊಳ್ಳುವವರನ್ನು ಕೂರಿಸಿ, ಹಳಬರಲ್ಲಿ ಒಬ್ಬನಿಂದ ಮಾತಾಡಿಸುತ್ತಾರೆ. ಆ ಒಬ್ಬ ಇವನೇ. ಮಾತು ಮುಗಿದ ಮೇಲೆ ಎರಡೂ ಕಾಲನ್ನು ಈ ಪ್ಯಾಂಟಿನ ಒಂದೇ ಕಾಲಿನೊಳಗೆ ತೂರಿಸಿ, ಉಳಿದ ಸೊಂಟವನ್ನು ಕೈಯಲ್ಲಿ ಎಳೆದು ಹಿಡಿದು ಫೋಟೋಕ್ಕೆ ನಿಲ್ಲಬೇಕು. ಮಾದರಿ ರೋಗಿ ಎಂದರೆ ಇಷ್ಟೇ.

"ಇವತ್ತೇ ಅಂತ ನಿಂಗೆ ಹೇಳಿದ್ನಾ?"

"ಪ್ರತಿ ವರ್ಷ ಇದೇ ತಿಂಗಳು ತಾನೇ?"

"ತಿಂಗಳು ಸರಿ. ದಿನ?"

"ಇಸ್ತ್ರಿ ಮಾಡಿಟ್ಟಿದ್ದೂ ತಪ್ಪಾಯ್ತಾ?"

ಅವಳು ಬಾಗಿಲ ತುಂಬ ನಿಂತಿದ್ದಳು. ಮೊಣಕೈಯ ಒಳಬದಿಯಲ್ಲಿ ಹತ್ತಿಯ ಉಂಡೆ, ಮೇಲೆ ಬಿಳಿ ಪಟ್ಟಿ.

"ಅದೇನು ಕೈಗೆ?"

"ಏನೋ ತರಚ್ತು."

"ಬಾ, ಕೂತು ತಿಂಡಿ ತಿನ್ನು."

"ನೀವು ಹೊರಡಿ. ನಂದು ಆಮೇಲೆ."

ಅವಳದು ಯಾವಾಗಲೂ ಆಮೇಲೆ. ಮದುವೆಯಾದಾಗ ಇಬ್ಬರೂ ಗುಂಡುಗುಂಡಗಿದ್ದರು. ಇವರಿಗೆ ಒಂದು ಮಂಚ ಸಾಲದು ಎಂದು ನೆಂಟರು ಆಡಿಕೊಂಡಿದ್ದರು. ಆದರೆ ಊಟದ ಮೇಜಿನ ಮುಂದೆ ಅಷ್ಟು ಸುಖವಾಗಿದ್ದ ಗಂಡಹೆಂಡಿರನ್ನು ಅವನು ಬೇರೆಲ್ಲೂ ಕಂಡಿಲ್ಲ. ಕೊನೆಯ ತುಂಡಿಗೆ ಕಿತ್ತಾಟ. ಅವನು ಅವಳ ತಟ್ಟೆಗೆ ಕೈ ಹಾಕುವುದು, ಅವಳು ಚಮಚದಿಂದ ಅವನ ಬೆರಳಿಗೆ ಬಾರಿಸುವುದು, ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕು ನಕ್ಕು ಕೆಮ್ಮುವುದು. ಆಪರೇಷನ್ ಆದ ಹೊಸದರಲ್ಲಿ, ಪಾಪ, ಅವನಿಗೆ ಆಸೆಯಾದೀತು ಎಂದು ಅವಳು ಅಡುಗೆಮನೆಯಲ್ಲಿ ಕದ್ದು ತಿಂದಳು. ಮುಂದೆ ಅದೇ ರೂಢಿಯಾಯಿತು. ಇಲ್ಲಿ ಬಂದು ಕೂತುಕೋ ಎಂದು ಅವನು ಬಾಯಿಮಾತಿಗೆ ಹೇಳಿದ, ಆಮೇಲೆ ಎಂದು ಅವಳು ಬಾಯಿಮಾತಿಗೆ ಹೇಳಿದಳು, ಒಂಬತ್ತು ವರ್ಷ ಕಳೆಯಿತು.

ಹೊರಗೆ ಬಂದು ಬಾಗಿಲೆಳೆದುಕೊಂಡು, ಮೆಟ್ಟಿಲ ಮೇಲೆ ಕೂತು ಷೂ ಲೇಸು ಕಟ್ಟತೊಡಗಿದ. ಲೇಸು ಕಟ್ಟುವುದಕ್ಕೆ ದಿನಾ ಐದು ನಿಮಿಷ ಹಿಡಿಯುತ್ತಿತ್ತು. ಕಿವಿ ಒಳಗಿರುತ್ತಿತ್ತು. ಪಾತ್ರೆಯ ಮುಚ್ಚಳ ತೆಗೆದ ಸದ್ದು, ತಟ್ಟೆ ಇಟ್ಟ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಆಮೇಲೆ ಅವಳು ನಿಧಾನವಾಗಿ, ಮನಸ್ಸಿಟ್ಟು ಉಣ್ಣುವ ಸದ್ದು. ಅದನ್ನು ಕೇಳಿದರೆ ಅವನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಹೊಟ್ಟೆಗೆ ಹಾಕಿದ್ದು ಯಾವುದೂ ಈ ಒಂಬತ್ತು ವರ್ಷದಲ್ಲಿ ಅಂಥ ತೃಪ್ತಿ ಕೊಟ್ಟಿರಲಿಲ್ಲ. ಯಾರಿಗೂ ಹೇಳಿಕೊಳ್ಳುವ ವಿಷಯವಲ್ಲ, ಅವಳಿಗಂತೂ ಅಲ್ಲವೇ ಅಲ್ಲ.

ಇವತ್ತು ಮುಚ್ಚಳದ ಸದ್ದಿಲ್ಲ, ತಟ್ಟೆಯ ಸದ್ದಿಲ್ಲ. ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಗಾಜಿನ ಲೋಟದಲ್ಲಿ ಚಮಚ ತಿರುಗುವ ಸದ್ದೊಂದು ಕೇಳಿ ನಿಂತಿತು. ಅಷ್ಟೇ.

ಕಚೇರಿಯಲ್ಲಿ ಅವನ ಕೆಲಸ, ಜನ ಕಟ್ಟಬೇಕೆಂದಿರುವ ಮನೆಗಳ ನಕ್ಷೆ ಪರಿಶೀಲಿಸುವುದು. ಮೆಟ್ಟಿಲು ಮೂರಡಿಗಿಂತ ಕಿರಿದಾಗಿದ್ದರೆ, ಬಚ್ಚಲ ಬಾಗಿಲು ತೀರಾ ಇಕ್ಕಟ್ಟಾಗಿದ್ದರೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುವುದು. ಅಳತೆಪಟ್ಟಿ ಯಾಕೆ, ಡುಮ್ಮ ಸಾರ್ ತೂರಿದರೆ ನಕ್ಷೆ ಪಾಸು ಎಂದು ಹಿಂದೆ ಇಡೀ ವಿಭಾಗ ತಮಾಷೆ ಮಾಡುತ್ತಿತ್ತು. ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಮೈ ಹೋದರೂ ಹೆಸರು ಹೋಗಲಿಲ್ಲ.

ಹನ್ನೊಂದರ ಸುಮಾರಿಗೆ ನಕ್ಷೆಯ ಸುರುಳಿ ಹಿಡಿದ ಮುದುಕರೊಬ್ಬರು ಮೇಜಿನ ಮುಂದೆ ಬಂದು ನಿಂತರು.

"ಇಲ್ಲಿ ಡುಮ್ಮ ಸಾರ್ ಅಂತ ಯಾರು ಸ್ವಾಮಿ?"

"ಯಾರು ಹೇಳಿದ್ರು ನಿಮಗೆ?"

"ಬಾಗಿಲಲ್ಲಿ ಜವಾನರು. ಮೂರನೇ ಮೇಜು ಅಂದ್ರು." ಮುದುಕರು ಅವನ ಹಿಂದೆ ಒಮ್ಮೆ, ಬೀರುವಿನ ಪಕ್ಕ ಒಮ್ಮೆ ಇಣುಕಿದರು. "ಕಾಣ್ತಾನೇ ಇಲ್ವಲ್ಲ. ಅಂಥ ಆಳು ಕಾಣದೆ ಇರ್ತಾರಾ?"

"ಅವರು ರಜ."

"ಯಾವಾಗ ಬರ್ತಾರೆ?"

"ಗೊತ್ತಿಲ್ಲ."

"ತುಂಬಾ ಒಳ್ಳೆಯವರಂತೆ. ಜನರನ್ನ ಅಲೆದಾಡಿಸಲ್ಲವಂತೆ, ನಗ್ತಾ ನಗ್ತಾ ಕೆಲಸ ಮಾಡಿಕೊಡ್ತಾರಂತೆ."

"ಹೌದು, ಹಾಗೇ ಇದ್ರು," ಎಂದ. "ನಾಳೆ ಬನ್ನಿ."

ಮುದುಕರು ಸುರುಳಿಯನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟರು. ಅವನಿಗೆ ನಾಚಿಕೆಯಾಯಿತು. ಕೂಗಿ ಕರೆದರೆ ಹತ್ತು ನಿಮಿಷದ ಕೆಲಸ. ಆದರೆ ಕರೆದು ಏನೆಂದು ಹೇಳುವುದು? ರಜ ಹೋದವನು ನಾನೇ ಎಂದೇ? ಮುದುಕರು ಮೆಟ್ಟಿಲಿಳಿಯುವವರೆಗೂ ಪೆನ್ಸಿಲ್ ಕೆತ್ತುತ್ತ ಕೂತ.

ಮಧ್ಯಾಹ್ನ ಮೂರನೇ ಚಮಚ ಅನ್ನ ಅಗಿಯುತ್ತಿರುವಾಗ ಬೆಳಗಿನ ಚಮಚದ ಸದ್ದು ನೆನಪಾಯಿತು. ಹದಿನಾಲ್ಕು, ಹದಿನೈದು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಆಪರೇಷನ್ನಿಗೆ ಮೊದಲು ಎರಡು ವಾರ ಊಟ ಬಿಡಿಸಿ ನೀರಿನಲ್ಲಿ ಕಲಸಿದ ಪುಡಿಯನ್ನೇ ಕುಡಿಸುತ್ತಾರೆ. ಅವನೂ ಕುಡಿದಿದ್ದ. ಹಾಗಾದರೆ ಕೈಮೇಲಿನ ಹತ್ತಿ, ರಕ್ತ ಪರೀಕ್ಷೆಯದೇ? ಮನೆಗೆ ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮಾರ್ಕೆಟ್ಟಿಗೆ ಹೋಗಿರಬೇಕು ಎಂದುಕೊಂಡ. ಎಣಿಕೆ ತಪ್ಪಿಹೋಗಿತ್ತು. ಬಾಯಲ್ಲಿದ್ದುದನ್ನು ಕಾಗದಕ್ಕೆ ಉಗಿದು ಬುಟ್ಟಿಗೆ ಹಾಕಿದ.

ನಾಲ್ಕು ಗಂಟೆಗೆ ಆಸ್ಪತ್ರೆಯ ಸಭಾಂಗಣ. ಗೋಡೆಯ ಮೇಲೆ ಅವನದೇ ಎರಡು ಫೋಟೋ, ಮೊದಲು ಮತ್ತು ನಂತರ. ನಂತರದ ಫೋಟೋಕ್ಕೂ ಏಳು ವರ್ಷವಾಗಿತ್ತು. ಮುಂದಿನ ತಿಂಗಳ ಆಪರೇಷನ್ ಪಟ್ಟಿಯಲ್ಲಿದ್ದವರ ಕೊರಳಲ್ಲಿ ಹಳದಿ ಚೀಟಿ, ಅವನ ಕೊರಳಿಗೆ ಹಸಿರು. ಎಲ್ಲರೂ ಕೈಯಿಲ್ಲದ ಅಗಲವಾದ ಕುರ್ಚಿಗಳಲ್ಲಿ ಮುದುಡಿಕೊಂಡು ಕೂತಿದ್ದರು. ಕಾರ್ಯಕ್ರಮ ನಡೆಸುವ ಹುಡುಗಿ ಈ ವರ್ಷ ಹೊಸಬಳು, ಪ್ರಚಾರ ವಿಭಾಗದವಳು. ಬಂದವಳೇ ಅವನ ಕೈಗೆ ಚಾಕು ಕೊಟ್ಟಳು.

"ಸಾರ್, ನಿಮ್ಮ ಎರಡನೇ ಜನ್ಮಕ್ಕೆ ಇವತ್ತು ಒಂಬತ್ತು ವರ್ಷ. ಕೇಕ್ ಕಟ್ ಮಾಡಿ!"

"ನಾನು ತಿನ್ನೋ ಹಾಗಿಲ್ಲ."

"ಸಕ್ಕರೆ ಹಾಕ್ಬೇಡಿ ಅಂತ ಬೇಕರಿಯವರಿಗೆ ಹೇಳಿದ್ದೀನಿ ಸಾರ್. ಒಂದೇ ಒಂದು ಚೂರು, ಫೋಟೋಗೆ."

ಚಮಚ ಬಾಯಿಯ ಹತ್ತಿರ ಬಂದೇಬಿಟ್ಟಿತ್ತು. ನೂರು ಕಣ್ಣು ನೋಡುತ್ತಿದ್ದವು. ಅಷ್ಟು ಜನ ನೋಡುತ್ತಿರುವಾಗ ಬೇಡ ಎನ್ನುವ ಕಲೆ ಅವನಿಗೆ ಒಲಿದಿರಲಿಲ್ಲ. ಬಾಯಿ ತೆರೆದ. ಹುಡುಗಿ ಹೇಳಿದ ಮಾತನ್ನು ಬೇಕರಿಯವನು ಕೇಳಿರಲಿಲ್ಲ ಎಂಬುದು ನಾಲಿಗೆಗೆ ತಕ್ಷಣ ತಿಳಿಯಿತು. ಎಷ್ಟು ರುಚಿಯಾಗಿತ್ತೆಂದರೆ ಎಣಿಸುವುದು ಮರೆತೇಹೋಯಿತು.

ಭಾಷಣ ಬಾಯಿಪಾಠವಾಗಿತ್ತು. ಎಲ್ಲಿ ನಗುತ್ತಾರೆ, ಎಲ್ಲಿ ಚಪ್ಪಾಳೆ ಬೀಳುತ್ತದೆ ಎಂಬುದೂ. ಸುಳ್ಳೇನೂ ಹೇಳುತ್ತಿರಲಿಲ್ಲ. ಆಪರೇಷನ್ ಇಲ್ಲದಿದ್ದರೆ ಅವನು ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದ, ಅದು ನಿಜ. ಬದುಕಿ ಏನು ಮಾಡುತ್ತಿದ್ದೇನೆ ಎಂಬ ಭಾಗ ಭಾಷಣದಲ್ಲಿರಲಿಲ್ಲ. "ಹಸಿವು ನಮ್ಮನ್ನು ಆಳಬಾರದು, ನಾವು ಹಸಿವನ್ನು ಆಳಬೇಕು" ಎಂಬಲ್ಲಿಗೆ ಬಂದು, ಚಪ್ಪಾಳೆಗಾಗಿ ನಿಲ್ಲಿಸಿ, ತಲೆಯೆತ್ತಿದ.

ಕೊನೆಯ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಕೊರಳಲ್ಲಿ ಹಳದಿ ಚೀಟಿ.

ಮುಂದಿನ ಮಾತುಗಳು ತಾವಾಗಿಯೇ ಬಂದು ಮುಗಿದವು. ಪ್ರಶ್ನೆಗಳು ಶುರುವಾದವು. ಕೂದಲು ಮತ್ತೆ ಬರುತ್ತಾ ಎಂದು ಒಬ್ಬಳು ಕೇಳಿದಳು. ಪಾರ್ಟಿಗೆ ಹೋಗಬಹುದಾ ಎಂದು ಒಬ್ಬ ಕೇಳಿದ. ಆಮೇಲೆ ಕೊನೆಯ ಸಾಲಿನಲ್ಲಿ ಕೈ ಎದ್ದಿತು.

"ಸಾರ್," ಎಂದಳು ಹೆಂಡತಿ, ಎದ್ದು ನಿಂತು. ಇಪ್ಪತ್ತಾರು ವರ್ಷದಲ್ಲಿ ಅವಳು ಅವನನ್ನು ಸಾರ್ ಎಂದದ್ದು ಇದೇ ಮೊದಲು. "ನಿಮ್ಮ ಮನೆಯವರು ಎಲ್ಲಿ ಕೂತು ಊಟ ಮಾಡ್ತಾರೆ?"

ಇದೆಂಥ ಪ್ರಶ್ನೆ ಎಂದು ಒಂದಿಬ್ಬರು ನಕ್ಕರು.

"ಅಡುಗೆಮನೇಲಿ."

"ನೀವು?"

"ಮೇಜಿನ ಹತ್ತಿರ."

"ಅವರೂ ಆಪರೇಷನ್ ಮಾಡಿಸ್ಕೊಂಡ್ರೆ ಇಬ್ರೂ ಒಟ್ಟಿಗೆ ಕೂರಬಹುದಲ್ವಾ ಸಾರ್?"

ಮೇಜು ಕಣ್ಣಮುಂದೆ ಬಂತು. ಎರಡು ತಟ್ಟೆ, ಎರಡು ಮೊಟ್ಟೆ, ಆಚೆ ಸರಿಸಿಟ್ಟ ಎರಡು ಲೋಟ. ಇಬ್ಬರೂ ಮನಸ್ಸಿನಲ್ಲೇ ಮೂವತ್ತು ಎಣಿಸುತ್ತಿದ್ದಾರೆ. ಅಡುಗೆಮನೆಯಲ್ಲಿ ಯಾರೂ ಇಲ್ಲ. ಲೇಸು ಎಷ್ಟು ಸಲ ಬಿಚ್ಚಿ ಕಟ್ಟಿದರೂ ಒಳಗಿಂದ ಏನೂ ಕೇಳಿಸುವುದಿಲ್ಲ. ಬೇಡ, ಎಂದು ಕೂಗಬೇಕೆನಿಸಿತು.

"ಅದು... ಅವರವರ ಇಷ್ಟ," ಎಂದ. "ಡಾಕ್ಟರನ್ನ ಕೇಳಿ ತೀರ್ಮಾನ ಮಾಡಬೇಕು."

"ಎಂಥಾ ಒಳ್ಳೆ ಉತ್ತರ!" ಎಂದಳು ಹುಡುಗಿ. ಚಪ್ಪಾಳೆ ಬಿತ್ತು. ಹೆಂಡತಿ ಕೂತಳು.

ಅಷ್ಟರಲ್ಲಿ ಕೇಕು ತನ್ನ ಕೆಲಸ ಆರಂಭಿಸಿತ್ತು. ಮೊದಲು ಕಿವಿಯ ಹಿಂದೆ ಬೆವರು, ಆಮೇಲೆ ಎದೆಬಡಿತ, ಆಮೇಲೆ ತಲೆಸುತ್ತು. ಸಕ್ಕರೆ ಆ ಪುಟ್ಟ ಚೀಲದಲ್ಲಿ ನಿಲ್ಲದೆ ನೇರ ಕರುಳಿಗೆ ಇಳಿದರೆ ಹೀಗಾಗುತ್ತದೆ. ಈಗ ಮಲಗಬೇಕು, ಅರ್ಧ ಗಂಟೆ, ಕತ್ತಲ ಕೋಣೆಯಲ್ಲಿ. ಆದರೆ ಹುಡುಗಿ ಚೀಲದಿಂದ ಪ್ಯಾಂಟು ತೆಗೆದು ಕೊಡವಿ ಎತ್ತಿ ಹಿಡಿದಿದ್ದಳು. ಸಭೆ ಹೋ ಎಂದಿತು.

"ಈ ವರ್ಷ ಒಂದು ಹೊಸ ಐಡಿಯಾ! ಒಂದು ಕಾಲಲ್ಲಿ ಸಾರ್, ಇನ್ನೊಂದು ಕಾಲಲ್ಲಿ ನಿಮ್ಮಲ್ಲೊಬ್ಬರು. ಹಳೇ ಪ್ಯಾಂಟು, ಹೊಸ ಜೀವನ! ಯಾರು ಬರ್ತೀರಾ?"

ಯಾರೂ ಕದಲಲಿಲ್ಲ. ಎಲ್ಲರೂ ತಮ್ಮ ತಮ್ಮ ಹಳದಿ ಚೀಟಿ ನೋಡಿಕೊಂಡರು. ಕೊನೆಯ ಸಾಲಿನಿಂದ ಅವಳು ಎದ್ದಳು. ಏದುಸಿರು ಬಿಡುತ್ತ, ಸಾಲುಗಳ ನಡುವೆ ಅಡ್ಡಡ್ಡ ತೂರಿಕೊಂಡು, ಅವನ ಮುಖದ ಮೇಲಿಟ್ಟ ಕಣ್ಣನ್ನು ಕೀಳದೆ ಬಂದಳು. ಜನ ಚಪ್ಪಾಳೆ ತಟ್ಟಿದರು. ಅವಳು ಯಾಕೆ ಬಂದಳೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಚಪ್ಪಲಿ ಬಿಟ್ಟು, ಅವನ ಭುಜ ಹಿಡಿದು, ಬಲಗಾಲನ್ನು ತೂರಿಸಿದಳು. ಅವನು ಎಡಗಾಲು ಇಟ್ಟ. ಹುಡುಗಿ ಸೊಂಟವನ್ನು ಮೇಲೆಳೆದಳು. ಗುಂಡಿ ಕೂಡಲಿಲ್ಲ. ಬಟ್ಟೆಯ ಮರೆಯಲ್ಲಿ ಹೆಂಡತಿಯ ಕೈ ಅವನ ಬೆನ್ನನ್ನು ಬಳಸಿ ಬಿಗಿಯಾಗಿ ಹಿಡಿಯಿತು.

"ಕೇಕ್ ತಿಂದ್ರಲ್ಲ?" ಪಿಸುಗುಟ್ಟಿದಳು.

"ಒಂದು ಚೂರು."

"ಅಲ್ಲಿಂದ ನೋಡ್ತಾನೇ ಇದ್ದೆ. ಬೀಳ್ಬೇಡಿ. ನನ್ನ ಮೇಲೆ ಭಾರ ಹಾಕಿ."

ಹಾಕಿದ. ಅವಳು ಅಲುಗಲಿಲ್ಲ. ಒಂಬತ್ತು ವರ್ಷದಲ್ಲಿ ಇಷ್ಟು ಹತ್ತಿರ ನಿಂತದ್ದು ನೆನಪಿರಲಿಲ್ಲ. ಅವಳ ಮೈಯ ಬಿಸುಪು ಅವನ ಪಕ್ಕೆಲುಬಿಗೆ ತಾಗಿತು. ಅಳು ಬಂದಂತಾಯಿತು.

"ಬೇಡ ಕಣೆ," ಎಂದ.

"ಏನು ಬೇಡ?"

"ಇದು."

"ಯಾಕೆ? ನೀವು ಮಾಡಿಸ್ಕೊಂಡಿಲ್ವಾ?"

ಹೇಳಬೇಕಾದ ಮಾತು ಸಿದ್ಧವಾಗಿತ್ತು. ನೀನೂ ಹೀಗಾದರೆ ಆ ಮನೆಯಲ್ಲಿ ಉಣ್ಣುವವರೇ ಇರುವುದಿಲ್ಲ. ಅದು ಎದೆಗೂಡಿನ ಹಿಂದೆ ಬಂದು ನಿಂತಿತು. ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ.

"ಕೂದಲು ಉದುರುತ್ತೆ," ಎಂದ.

"ಅಷ್ಟೇನಾ?"

ಅವನು ಹಣೆಯ ಬೆವರು ಒರೆಸಿಕೊಂಡ.

"ಒಬ್ಬಳೇ ತಿಂದು ತಿಂದು ಸಾಕಾಗಿದೆ ರೀ," ಎಂದಳು, ನಾಳೆ ಹಾಲು ಬೇಡ ಎನ್ನುವಷ್ಟೇ ಸಹಜವಾಗಿ. "ಫಾರಂ ಬ್ಯಾಗಲ್ಲಿದೆ. ನಿಮ್ಮ ಸಹಿ ಒಂದೇ ಬಾಕಿ."

"ಇಬ್ರೂ ಈ ಕಡೆ ನೋಡಿ," ಎಂದ ಫೋಟೋದವನು. "ಮೇಡಂ ಕರೆಕ್ಟಾಗಿ ನಿಂತಿದ್ದಾರೆ. ಸಾರ್, ನಿಮ್ಮ ಕಡೆ ಜಾರ್ತಿದೆ, ಎತ್ತಿ ಹಿಡ್ಕೊಳ್ಳಿ."

ಕೆಳಗೆ ನೋಡಿದ. ಅವಳ ಕಡೆ ಪ್ಯಾಂಟು ತುಂಬಿಕೊಂಡು, ಯಾರೂ ಹಿಡಿಯದೆ, ತಾನಾಗಿಯೇ ನಿಂತಿತ್ತು. ಅವನ ಕಡೆ ಬಟ್ಟೆ ಸುಕ್ಕುಸುಕ್ಕಾಗಿ ಮೊಣಕಾಲಿಗೆ ಇಳಿದಿತ್ತು, ಒಳಗೆ ಕಾಲಿದೆ ಎಂದು ಹೇಳುವಂತಿರಲಿಲ್ಲ. ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದುಕೊಂಡ.

ಬೆಳಕು ಮಿಂಚಿತು.

"ಇನ್ನೊಂದು," ಎಂದ ಫೋಟೋದವನು. "ಕೈ ಬಿಡ್ಬೇಡಿ ಸಾರ್."