ಮುದ್ರೆ ಬಿದ್ದ ನಾಲ್ಕು ಕಿಲೋ

ನಮ್ಮ ಮನೆಯಲ್ಲಿ ಕಣ್ಣಿಗಿಂತ ಮುಳ್ಳಿಗೆ ಮರ್ಯಾದೆ ಜಾಸ್ತಿ. ಮುಳ್ಳು ಎಂದರೆ ತಕ್ಕಡಿಯ ಮುಳ್ಳು. ಮಾವ ನಲವತ್ತು ವರ್ಷದಿಂದ ತೂಕದ ಯಂತ್ರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಪೇಟೆಯ ಸ್ಪ್ರಿಂಗ್ ತಕ್ಕಡಿಗಳೆಲ್ಲ ತಿಂಗಳಿಗೊಮ್ಮೆ ಅವರ ಕೈಗೆ ಬಂದು ತಿರುಪು ಬಿಗಿಸಿಕೊಂಡು ಹೋಗಬೇಕು. ನನ್ನ ಗಂಡ ಅವರಿಗೆ ಮಗನೂ ಹೌದು, ಶಿಷ್ಯನೂ ಹೌದು. ಅಪ್ಪ ಎತ್ತು ಈದಿದೆ ಎಂದರೆ ಇವರು ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುತ್ತಾರೆ.

ನನಗೆ ಹದಿನಾಲ್ಕು ತಿಂಗಳಲ್ಲಿ ಎರಡು ಹೆರಿಗೆ. ಎರಡನೆಯದರಲ್ಲಿ ಹೋದ ರಕ್ತ ನೋಡಿ ನರ್ಸೇ ಗೋಡೆ ಹಿಡಿದುಕೊಂಡಿದ್ದಳು. ಆರನೇ ವಾರ ತೋರಿಸಲು ಹೋದಾಗ ಡಾಕ್ಟರಮ್ಮ, "ಇನ್ನೆರಡು ವರ್ಷ ಮತ್ತೊಂದರ ಯೋಚನೆ ಬೇಡಮ್ಮ, ಜೀವಕ್ಕೇ ಬರುತ್ತೆ" ಎಂದು ಗರ್ಭ ತಡೆಯುವ ಮಾತ್ರೆ ಬರೆದುಕೊಟ್ಟರು.

"ಹಾಲು ಕುಡಿಸ್ತಿದೀನಲ್ಲ ಡಾಕ್ಟ್ರೇ?"

"ಅದಕ್ಕೇ ಇದು. ಎರಡು ಹಾರ್ಮೋನ್ ಇರೋ ಮಾತ್ರೆ ಬೇರೆ. ಅದು ಈಗಲೇ ಬೇಡ, ಕೆಲವರಿಗೆ ಹಾಲು ಕಮ್ಮಿ ಆಗಬಹುದು. ಇದರಲ್ಲಿರೋದು ಒಂದೇ. ಹಾಲಿಗೆ ಹೋಗೋದು ಚೂರೇ ಚೂರು, ಮಗುಗೆ ತೊಂದರೆ ಇಲ್ಲ. ದಿನಾ ಅದೇ ಹೊತ್ತಿಗೆ ನುಂಗ್ಬೇಕು. ಬಿಟ್ಟುಹೋದ್ರೆ, ಮತ್ತೆ ಶುರು ಮಾಡಿದ ಮೇಲೆ ಎರಡು ದಿನ ಗಂಡನ ವಿಷಯದಲ್ಲಿ ಹುಷಾರಾಗಿರಿ."

ಆವತ್ತೇ ಕಿರಿಯ ಮಗನನ್ನು ತೂಗಿ, ಚೀಟಿಯಲ್ಲಿ 'ನಾಲ್ಕು ಕಿಲೋ' ಎಂದು ಬರೆದು ದುಂಡನೆಯ ಮುದ್ರೆ ಒತ್ತಿದರು. ಆ ಮುದ್ರೆಯೇ ಆಮೇಲೆ ನನ್ನ ಪ್ರಾಣ ತಿಂದದ್ದು.

ಅತ್ತೆಗೆ ಮಾತ್ರೆ ಎಂದರೇ ಅನುಮಾನ. "ನೀನು ನುಂಗಿದ್ದು ಅವನ ಹೊಟ್ಟೆಗೇ ಹೋಗೋದು. ಹಾಲು ಬತ್ತುತ್ತೆ, ನೋಡ್ತಿರು" ಎಂದರು.

ಮಾವ ನಡುವೆ ಬಂದರು. "ಬಾಯಿಜಗಳ ಯಾಕೆ? ದಿನಾ ಬೆಳಿಗ್ಗೆ ತೂಗೋಣ. ಮುಳ್ಳು ಹೇಳುತ್ತೆ."

ನಾನೂ ಒಪ್ಪಿದೆ. ನನ್ನ ಹಾಲಿನ ಮೇಲೆ ನನಗೆ ನಂಬಿಕೆಯಿತ್ತು.

ಮರುದಿನ ಮಾವ ಮಗುವನ್ನು ಅಂಗಡಿಗೆ ಒಯ್ದರು. ಸ್ವಲ್ಪ ಹೊತ್ತು ಬಿಟ್ಟು ತಂದು ಕೊಟ್ಟು "ನಾಲ್ಕು ಕಿಲೋ" ಎಂದರು. ವಾರ ಕಳೆದರೂ ನಾಲ್ಕು ಕಿಲೋ. ಮೂರು ವಾರ ಕಳೆದರೂ ನಾಲ್ಕೇ. ಒಂದು ಗ್ರಾಂ ಅತ್ತಿತ್ತ ಇಲ್ಲ. ಅದನ್ನು ಹೇಳುವಾಗ ಮಾವನ ಮುಖದಲ್ಲಿ ಅದೇನೋ ತೃಪ್ತಿ ಇರುತ್ತಿದ್ದದ್ದು ನನಗೆ ಸೋಜಿಗವಾಗುತ್ತಿತ್ತು.

"ಮಾತ್ರೆ ಶುರುವಾದ ದಿನದಿಂದ ಕೂಸು ನಿಂತಲ್ಲೇ ನಿಂತಿದೆ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

ಆದರೆ ಮಗು! ಮಣಿಕಟ್ಟಿನಲ್ಲಿ ಎರಡು ಮಡಿಕೆ, ತೊಡೆಯಲ್ಲಿ ಮೂರು. ಒಂದು ದಿನ ಸೀನಿದಾಗ ಅಂಗಿಯ ಗುಂಡಿ ಹಾರಿ ಅತ್ತೆಯ ಕನ್ನಡಕಕ್ಕೆ ಬಡಿಯಿತು. "ಬಟ್ಟೆ ಒಗೆದು ಒಗೆದು ಕುಗ್ಗಿದೆ" ಎಂದರು ಅತ್ತೆ. ಎತ್ತಿಕೊಂಡ ಗಂಡ ಸೊಂಟ ಹಿಡಿದುಕೊಂಡು, "ನಾಲ್ಕು ಕಿಲೋ ಎತ್ತೋಕೂ ಆಗ್ತಿಲ್ಲ, ನಂಗೇ ನಿಶ್ಶಕ್ತಿ" ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಲೋಕ ಕೇಳುತ್ತದೆ. ನಮ್ಮ ಮನೆಯವರು ತಕ್ಕಡಿ ಬೇಕು ಎನ್ನುತ್ತಾರೆ.

ನಿಜ ಹೇಳುತ್ತೇನೆ, ಕೊನೆಕೊನೆಗೆ ನನಗೂ ಹೆದರಿಕೆಯಾಯಿತು. ನನ್ನ ಜೀವ ಉಳಿಸಿಕೊಳ್ಳಲು ಇವನ ಹೊಟ್ಟೆಗೆ ಹೊಡೆಯುತ್ತಿದ್ದೇನೆಯೇ ಎಂದು ಎದೆಗೆ ಹಾಕಿಕೊಂಡಾಗಲೆಲ್ಲ ಅಳು ಬರುತ್ತಿತ್ತು.

ಐದನೇ ವಾರ ಅತ್ತೆ ನನ್ನ ಮಾತ್ರೆಗಳನ್ನು ಕಿತ್ತುಕೊಂಡು ಮಾವನ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಪೆಟ್ಟಿಗೆ ಖಾಲಿಯೇ ಇತ್ತು. ಕಲ್ಲುಗಳು ವರ್ಷದ ಮುದ್ರೆಗೆಂದು ಸರ್ಕಾರಿ ಕಚೇರಿಗೆ ಹೋಗಿ ಎರಡು ತಿಂಗಳಾಗಿತ್ತು. "ಸೋಮವಾರದಿಂದ ಡಬ್ಬಿ ಹಾಲು" ಎಂದು ಅತ್ತೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದರು.

"ಮಾತ್ರೆ ಪೆಟ್ಟಿಗೆ ಒಳಗಿದ್ರೆ ನಿಮ್ಮ ಮಗ ಕೋಣೆಯ ಹೊರಗೆ" ಎಂದು ನಾನು ಗಂಡನ ಹಾಸಿಗೆ ಸುತ್ತಿ ಅಂಗಡಿಯಲ್ಲಿ ಎಸೆದೆ. ಅವರು ತಕ್ಕಡಿಗಳ ನಡುವೆ ನಾಲ್ಕು ದಿನ ಮಲಗಿದರು.

ಶನಿವಾರ ಬೆಳಿಗ್ಗೆ ಮೆಡಿಕಲ್ ಅಂಗಡಿಯವನು ಬಾಗಿಲಲ್ಲಿ ಅಳುತ್ತಾ ನಿಂತಿದ್ದ. "ಯಜಮಾನ್ರೇ, ನಂಗೆ ಏನೋ ದೊಡ್ಡ ರೋಗ. ಎಂಬತ್ತು ಕಿಲೋ ಇದ್ದೋನು, ನೀವು ನಿನ್ನೆ ರಿಪೇರಿ ಮಾಡಿಕೊಟ್ಟ ಯಂತ್ರದಲ್ಲಿ ಅರವತ್ನಾಲ್ಕು! ಆದ್ರೆ ಪ್ಯಾಂಟಿನ ಹುಕ್ ಹಾಕೋಕೇ ಆಗ್ತಿಲ್ಲ."

ಅವನ ಹಿಂದೆಯೇ ಈರುಳ್ಳಿಯವಳು ನುಗ್ಗಿದಳು. "ಐವತ್ತು ಕಿಲೋ ಮೂಟೆ, ನಲವತ್ತು ಮಾರೋದ್ರೊಳಗೆ ಖಾಲಿ! ನನ್ನ ತಕ್ಕಡಿಗೆ ಅದೇನು ಮಾಡಿದ್ರಿ?"

ಬಿಗಿಯಾದ ಪ್ಯಾಂಟು, ಹಾರಿದ ಗುಂಡಿ. ನನ್ನ ತಲೆಯಲ್ಲಿ ಏನೋ ಸರಿದಂತಾಯಿತು.

"ಮಾವ, ಕಲ್ಲುಗಳಿಲ್ಲದೆ ಇವರ ಯಂತ್ರಗಳನ್ನ ಯಾವುದರಿಂದ ಸರಿಮಾಡಿದ್ರಿ?"

ಮಾವ ಎದೆ ಸೆಟೆಸಿದರು. "ಮುದ್ರೆ ಇಲ್ಲದ ತೂಕ ನಾನು ಮುಟ್ಟೋನಲ್ಲ. ಈ ಮನೇಲಿ ಮುದ್ರೆ ಬಿದ್ದಿದ್ದು ಒಂದೇ ಇತ್ತು." ತೊಟ್ಟಿಲು ತೋರಿಸಿದರು. "ನಾಲ್ಕು ಕಿಲೋ, ಚೀಟಿ ಸಮೇತ. ಇವನನ್ನ ಮಲಗಿಸೋದು, ಮುಳ್ಳು ನಾಲ್ಕಕ್ಕೆ ಬರೋವರೆಗೂ ತಿರುಪು ತಿರುಗಿಸೋದು."

"ಇವನ ತೂಕ ನೋಡ್ತಿದ್ದದ್ದು?"

"ಅದೇ ತಕ್ಕಡೀಲಿ. ಮೊದಲು ತಕ್ಕಡಿ ಸರಿಮಾಡದೆ ತೂಗೋಕಾಗುತ್ತಾ?"

ನಾನು ಅಡುಗೆಮನೆಯಿಂದ ಒಂದೊಂದು ಕಿಲೋದ ಐದು ಸಕ್ಕರೆ ಪೊಟ್ಟಣ ತಂದು ತಕ್ಕಡಿಯ ಮೇಲಿಟ್ಟೆ. ಮುಳ್ಳು ನಾಲ್ಕಕ್ಕೆ ನಿಂತಿತು. ಪೊಟ್ಟಣ ತೆಗೆದು ಮಗನನ್ನು ಮಲಗಿಸಿದೆ. ಅಲ್ಲಿಗೇ ಬಂತು. ನನ್ನ ಮಗ ಐದು ಪೊಟ್ಟಣ! ಐದು ವಾರದಲ್ಲಿ ಒಂದು ಪೂರ್ತಿ ಕಿಲೋ, ಮಾತ್ರೆ ನುಂಗಿದ ನನ್ನ ಹಾಲು ಕುಡಿದು! ಅಲ್ಲೇ ಕೂತು ಅಳುವುದೂ ನಗುವುದೂ ಒಟ್ಟಿಗೇ ಮಾಡಿದೆ.

ಮೆಡಿಕಲ್‌ನವನು ರೋಗ ವಾಸಿಯಾದವನ ಹಾಗೆ ಹೊಟ್ಟೆ ಸವರಿಕೊಂಡ. ಮಾವ ಮಾತ್ರ ಮೊಮ್ಮಗನನ್ನು ಸಿಟ್ಟಿನಿಂದ ನೋಡಿದರು. "ಮುದ್ರೆ ಬಿದ್ದ ಮೇಲೆ ಬೆಳೆಯೋದು ಅಂದ್ರೇನು? ನಲವತ್ತು ವರ್ಷದಲ್ಲಿ ಒಂದು ಕಲ್ಲೂ ನಂಗೆ ಹೀಗೆ ಮೋಸ ಮಾಡಿಲ್ಲ."

ಅತ್ತೆ ಪೊಟ್ಟಣಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿದರು. ಮಗುವನ್ನು ಎತ್ತಿ ನೋಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯ ಬೀಗ ತೆಗೆದು, ಮಾತ್ರೆಯ ಜೊತೆ ಒಂದು ಲೋಟ ನೀರು ತಂದರು. "ಒಂಬತ್ತಾಯ್ತು. ನಿನ್ನ ಹೊತ್ತು ಇದೇ ಅಲ್ವಾ?" ಎಂದರು.

ನಾನು ನುಂಗಿ ಲೋಟ ಕೆಳಗಿಡುವಷ್ಟರಲ್ಲಿ ಗಂಡ ಹಾಸಿಗೆ ಸುತ್ತಿ ಕಂಕುಳಲ್ಲಿ ಹಿಡಿದು ಕೋಣೆಯ ಬಾಗಿಲಿಗೆ ಬಂದಿದ್ದರು, ಹಲ್ಲು ಕಿರಿಯುತ್ತಾ.

"ಇನ್ನೂ ಎರಡು ದಿನ. ಡಾಕ್ಟ್ರು ಹೇಳಿದಾರೆ" ಎಂದೆ.

"ಎರಡು ದಿನದಲ್ಲಿ ಏನಾಗುತ್ತೆ, ಬಿಡೇ. ಅಮ್ಮಾ, ನೀನಾದ್ರೂ ಹೇಳು."

ಅತ್ತೆ ಮಗನ ಕಂಕುಳಿಂದ ಹಾಸಿಗೆ ಕಿತ್ತುಕೊಂಡು ಅಂಗಡಿಯ ಕಡೆ ನಡೆದರು. "ಡಾಕ್ಟ್ರು ಎರಡು ದಿನ ಅಂದ್ರೆ ಎರಡು ದಿನ. ನಡಿ ಆಚೆಗೆ. ಸೊಸೆ ಅಂತ ಅವಳೊಬ್ಬಳೇ ಇರೋದು ನಂಗೆ."